ಕಾಂತರಾಜು ಕಂಪ್ಯೂಟರಿನ ಒಳಗನ್ನೂ ತೊಳೆದದ್ದು

“ಇದರ ಒಳಗಡೆ ತೊಳೆಯೋರು ಯಾರು?”

ಆಯುಧಪೂಜೆಯ ಹಿಂದಿನ ದಿನ, ಚನ್ನರಾಯಪಟ್ಟಣದ ತಮ್ಮ ಮನೆಯ ಹಜಾರದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತ ಕಾಂತರಾಜು ಈ ಪ್ರಶ್ನೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಅವರ ಕಂಪ್ಯೂಟರ್ ಮಾತ್ರ. ಅದರ ಗಾಜನ್ನು ಒರೆಸಿಯಾಗಿತ್ತು. ಕೀಬೋರ್ಡಿನ ಸಂದಿಯಲ್ಲಿ ಸೇರಿದ್ದ ಖಾರಾಬೂಂದಿಯನ್ನು ಹೇರ್‌ಪಿನ್ನಿನಿಂದ ಕೆದಕಿ ತೆಗೆದಾಗಿತ್ತು. ಹಿತ್ತಲಲ್ಲಿ ಹೆಂಡತಿ ಜಯಲಕ್ಷ್ಮಮ್ಮ ಈಳಿಗೆಮಣೆ, ಕುಡುಗೋಲು, ಗುದ್ದಲಿಗಳನ್ನು ತೊಳೆದಿಟ್ಟು, ಹಿತ್ತಾಳೆ ಚೊಂಬುಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಅವರು ಚೊಂಬಿನ ಒಳಕ್ಕೆ ಕೈ ಬಿಟ್ಟು ತಳ ತಿಕ್ಕುವುದನ್ನು ಕಿಟಕಿಯಲ್ಲಿ ನೋಡಿಯೇ ಕಾಂತರಾಜುವಿಗೆ ಈ ಯೋಚನೆ ಹುಟ್ಟಿದ್ದು. ಈ ದಂಪತಿಗಳಲ್ಲಿ ತೊಳೆಯುವ ವಿದ್ಯೆ ಬಲ್ಲವರು ಒಬ್ಬರೇ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಾಂತರಾಜು ಮೂವತ್ತನಾಲ್ಕು ವರ್ಷ ಸರ್ಕಾರಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು, ಈಗ ಕಾವ್ಯಶ್ರವಣ ಸಂಘದ ಕಾರ್ಯದರ್ಶಿ. ಊರಿನ ಜನ ತಮ್ಮನ್ನು ‘ಕಂಪ್ಯೂಟರ್ ಕಾಂತರಾಜು’ ಎಂದು ಕರೆಯುತ್ತಾರೆ ಎಂದು ಊರಿನ ಜನಕ್ಕೆಲ್ಲ ಅವರೇ ಹೇಳಿಕೊಂಡು ಬಂದಿದ್ದರು. ಸಂಘದ ಉದ್ದೇಶ ಹಾಡಿ ಓದುವ ಕಾವ್ಯವನ್ನು ಕೂತು ಕೇಳುವುದು. ಸಂಘಕ್ಕೆ ಅಧ್ಯಕ್ಷರಿದ್ದರು, ರಬ್ಬರ್ ಸ್ಟ್ಯಾಂಪ್ ಇತ್ತು, ಕಾಫಿಯ ಹೊತ್ತಿಗೆ ತಪ್ಪದೆ ಬರುವ ಏಳು ಜನ ನಿರ್ದೇಶಕರಿದ್ದರು. ಕೇಳುವವರ ನೇಮಕಾತಿ ಮಾತ್ರ ಇನ್ನೂ ಬಾಕಿ ಇತ್ತು.

ಆ ವರ್ಷದ ಬೇಸಗೆಯಲ್ಲಿ ಸಂಘ ಒಂದು ದೊಡ್ಡ ಕೆಲಸ ಮಾಡಿತ್ತು. ಅಥವಾ ದಂಡಿಗನಹಳ್ಳಿ ಕಡೆಯ ಬೈರಯ್ಯನವರು ಮಾಡಿದ್ದರು, ಸಂಘ ಪಕ್ಕದಲ್ಲಿ ನಿಂತಿತ್ತು. ಎಪ್ಪತ್ತಾರು ವರ್ಷದ ಬೈರಯ್ಯ ಮೂವತ್ತೊಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಕಾಂತರಾಜುವಿನ ಮನೆಯಲ್ಲಿ ಮೈಕಿನ ಮುಂದೆ ಕೂತು, ಪುಸ್ತಕ ಮುಟ್ಟದೆ ಒಂದು ಇಡೀ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರು. ಆ ಧಾಟಿ ಅವರ ತಾತನದು. ಅವರನ್ನು ಬಿಟ್ಟರೆ ಇನ್ನೊಬ್ಬರಿಗೆ ಬಾರದು. ಆ ಮೂವತ್ತೊಂದು ದಿನದ ದನಿಯೂ ಈ ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಅದನ್ನು ಪೆನ್‌ಡ್ರೈವಿಗೆ ತುಂಬಿ ಬಿಡುಗಡೆ ಮಾಡುವುದೆಂದೂ, ಅದೇ ವೇದಿಕೆಯಲ್ಲಿ ಕಾಂತರಾಜುವಿಗೆ ‘ಕಾವ್ಯರಕ್ಷಕ’ ಎಂಬ ಬಿರುದು ಕೊಡುವುದೆಂದೂ ತೀರ್ಮಾನವಾಗಿತ್ತು. ತೀರ್ಮಾನವನ್ನು ಮಂಡಿಸಿದವರು ಕಾಂತರಾಜು. ಅನುಮೋದಿಸುವಾಗ ನಿರ್ದೇಶಕರು ಉಪ್ಪಿಟ್ಟು ತಿನ್ನುತ್ತಿದ್ದರು.

ಹೋದ ವರ್ಷ ಪ್ರಿಂಟರ್ ರಿಪೇರಿಗೆ ಬಂದವನೊಬ್ಬ, “ಫಾರ್ಮ್ಯಾಟ್ ಒಡುದ್ರೆ ಒಳಗೆಲ್ಲ ಒಸಾದಾಯ್ತದೆ ಸಾ” ಎಂದು ಹೇಳಿಹೋಗಿದ್ದ. ಕಾಂತರಾಜುವಿಗೆ ಈಗ ಆ ಮಂತ್ರ ನೆನಪಾಯಿತು. ಮೌಸನ್ನು ಹಿಡಿದರು. ಪರದೆಯ ಮೇಲಿನ ಬಾಣ ಅತ್ತ ಇತ್ತ ಅಲೆದು, ಬೈರಯ್ಯನವರ ದನಿಯೆಲ್ಲ ತುಂಬಿದ್ದ ಡಿ ಡ್ರೈವಿನ ಎದೆಗೆ ಗುರಿಯಿಟ್ಟು ನಿಂತಿತು. ಯಂತ್ರ ಇಂಗ್ಲಿಷಿನಲ್ಲಿ ಎಚ್ಚರಿಸಿತು. ಓದದೆ ರುಜು ಹಾಕುವುದನ್ನು ಮೂವತ್ತನಾಲ್ಕು ವರ್ಷ ಅಭ್ಯಾಸ ಮಾಡಿದ ಕೈ ಅದು, ಓಕೆ ಒತ್ತಿತು. ಯುದ್ಧವೆಂದರೆ ಒಂದಿಷ್ಟಾದರೂ ಹೊತ್ತು ಹಿಡಿಯುತ್ತದೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕಾಂತರಾಜು ತೃಪ್ತಿಯಿಂದ ಪರದೆಗೂ ಪೆಟ್ಟಿಗೆಗೂ ವಿಭೂತಿ ಬಳಿದರು, ಕುಂಕುಮ ಇಟ್ಟರು, ಚೆಂಡುಹೂವಿನ ಸರ ತೊಡಿಸಿದರು. ಮಾರನೆಯ ದಿನ ಅದರ ಮುಂದೆ ಬೂದುಗುಂಬಳ ಒಡೆದು, ಜಯಲಕ್ಷ್ಮಮ್ಮನನ್ನು ಕರೆದು, “ಈಗ ನೋಡು, ಒಳಗೆ ಹೆಂಗಿದೆ ಅಂತ” ಎಂದು ತೆರೆದು ತೋರಿಸಿದರು.

ಜಯಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ನೋಡಿದರು.

“ಪರವಾಗಿಲ್ಲ ಕಣ್ರೀ. ತಳ ಕಾಣಂಗೆ ತೊಳ್ದಿದೀರಿ. ಏನೂ ಇಲ್ವಲ್ಲ.”

“ಏನೂ ಇಲ್ವಾ?”

“ನೀವೇ ನೋಡಿ. ಒಂದು ಅಗುಳೂ ಉಳ್ದಿಲ್ಲ.”

ಕಾಂತರಾಜು ಇನ್ನೊಮ್ಮೆ ನೋಡಿದರು. ಕಂಪ್ಯೂಟರನ್ನು ಆರಿಸಿ, ಕೈಮುಗಿದು, ಹಚ್ಚಿ ನೋಡಿದರು. ಆಮೇಲೆ ಜಗಲಿಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತು, ಬೀದಿಗೆ ಕೇಳುವ ಹಾಗೆ ಗೋಳಾಡಿದರು: “ಅಯ್ಯೋ, ಬೈರಯ್ಯ ಪೂರ್ತಿ ಹೋಗ್ಬುಟ್ಟನಲ್ಲಪ್ಪ. ಒಂದು ಚೂರೂ ಉಳೀಲಿಲ್ವಲ್ಲಪ್ಪ.”

ಕಾಂಪೌಂಡಿನ ಆಚೆ ಪಕ್ಕದ ಮನೆಯ ಶಿವಗಂಗಮ್ಮ ಗಾಡಿಗೆ ನಿಂಬೆಹಣ್ಣು ಕಟ್ಟಿಸುತ್ತಿದ್ದರು. ಮಾತು ಅವರ ಕಿವಿಗೆ ಬಿತ್ತು. ಆಕೆಯ ಕಿವಿಗೆ ಬಿದ್ದದ್ದು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರ್ಧ ಗಂಟೆಯಲ್ಲಿ ಹೊಳೆನರಸೀಪುರದಿಂದ ಜಯಲಕ್ಷ್ಮಮ್ಮನ ಅಕ್ಕ ಪುಟ್ಟತಾಯಮ್ಮನ ಫೋನು ಬಂತು.

“ಬೈರಯ್ಯ ಅಂತ ಯಾರೋ ನಿಮ್ಮನೇಲಿ ಓದ್ರಂತೆ? ಅಬ್ಬದ ದಿನವೇ? ಒಬ್ಬಟ್ಟು ಮಾಡಿದ್ಯಾ ಬಿಟ್ಯಾ?”

“ಒಬ್ಬಟ್ಟಿಗೂ ಅದಕ್ಕೂ ಏನಕ್ಕ? ಕಂಪ್ಯೂಟ್ರಲ್ಲಿ ಓದ್ರು.”

“ಕರೆಂಟ್ ಒಡೀತಾ?” ಎಂದರು ಪುಟ್ಟತಾಯಮ್ಮ. ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು. ಇನ್ನೂ ಹೇಳಬೇಕಾದವರು ಬಹಳ ಜನ ಇದ್ದರು.

ಇತ್ತ ಎದುರುಮನೆಯ ಪರಮಶಿವಯ್ಯ ಬಂದು ಯಂತ್ರವನ್ನು ಸುತ್ತಲೂ ನೋಡಿ ಔಷಧ ಹೇಳಿದರು. “ಅಕ್ಕೀಲಿ ಊತಿಡು ಕಾಂತರಾಜು. ನಮ್ಮ ಅಳಿಯನ ಮೊಬೈಲು ಬಾವಿಗೆ ಬಿದ್ದಾಗ ಅಂಗೇ ಮಾಡುದ್ವಿ. ಮೂರ್ ದಿನಕ್ಕೆ ಮಾತಾಡ್ತು.”

“ಅದು ನೀರಿಗೆ ಬಿದ್ದಿತ್ತಲ್ಲಣ್ಣ. ಇದು ಬಿದ್ದಿಲ್ವಲ್ಲ.”

“ತೊಳ್ದೆ ಅಂತ ನೀನೇ ಅಂದ್ಯಲ್ಲಯ್ಯ.”

ತರ್ಕ ಗಟ್ಟಿಯಾಗಿತ್ತು. ಆದರೆ ಜಯಲಕ್ಷ್ಮಮ್ಮ ಊಟದ ಅಕ್ಕಿ ಕೊಡಲು ಒಪ್ಪಲಿಲ್ಲ. “ರಾಗಿ ಇದೆ, ಬೇಕಾರೆ ಊತ್ಕಳಿ” ಅಂದರು. ಕಂಪ್ಯೂಟರಿನ ಪೆಟ್ಟಿಗೆ ವಿಭೂತಿ ಕುಂಕುಮದ ಸಮೇತ ರಾಗಿಯ ಡ್ರಮ್ಮಿನಲ್ಲಿ ಇಳಿಯಿತು.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಕೃಷ್ಣಪ್ಪನವರ ಫೋನು. ಕೃಷ್ಣಪ್ಪ ಕೊಬ್ಬರಿ ವ್ಯಾಪಾರಸ್ಥರು. ತೆಂಗಿನಕಾಯಿಯನ್ನು ತಟ್ಟಿ, ಸದ್ದು ಕೇಳಿ ಬೆಲೆ ಹೇಳುತ್ತಾರೆ. ಅವರು ಕಿವಿಗೊಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸದ್ದು.

“ಏನಯ್ಯ, ಬೈರಯ್ಯ ಹೋದ್ನಂತಲ್ಲ?”

ಇಷ್ಟು ಬೇಗ ಸುದ್ದಿ ತಿಳಿಯಿತೆಂದು ಕಾಂತರಾಜು ಎದ್ದು ನಿಂತರು. “ಹೌದು ಸಾ. ಪೂರ್ತಿ ಹೋದ. ನನ್ನಿಂದ್ಲೇ ಆಗಿದ್ದು ಸಾ, ಕ್ಷಮಿಸ್ಬೇಕು.”

“ನೀನೇನ್ ಮಾಡಕಾಯ್ತದೆ ಬಿಡು. ಟೈಮ್ ಬಂದ್ರೆ ಯಾರೂ ನಿಲ್ಲಲ್ಲ. ನಾಳೆ ನಾಲ್ಕಕ್ಕೆ ಸಂತಾಪ ಸಭೆ ಇಟ್ಕೊಳವ.”

ಫೈಲುಗಳಿಗೂ ಸಂತಾಪ ಸೂಚಿಸುವಷ್ಟು ದೊಡ್ಡ ಮನಸ್ಸು ಅಧ್ಯಕ್ಷರದು ಎಂದು ಕಾಂತರಾಜು ಫೋನಿಗೇ ಕೈಮುಗಿದರು. ಹೆಂಡತಿಗೆ ಹೇಳಿದರು. ಜಯಲಕ್ಷ್ಮಮ್ಮ, “ಅವ್ರಿಗೂ ಕೆಲ್ಸ ಇಲ್ಲ” ಅಂದು ಮಲಗಿದರು.

ಮಾರನೆಯ ದಿನ ಸಭಾಭವನದ ಮುಂದೆ ಫ್ಲೆಕ್ಸ್ ನಿಂತಿತು. ಅದರಲ್ಲಿ ಕೃಷ್ಣಪ್ಪನವರ ಚಿತ್ರವಿತ್ತು, ಏಳು ನಿರ್ದೇಶಕರ ಚಿತ್ರಗಳಿದ್ದವು. ಬೈರಯ್ಯನವರ ಚಿತ್ರ ಸಂಘದಲ್ಲಿ ಯಾರ ಬಳಿಯೂ ಇರಲಿಲ್ಲವಾಗಿ ಆ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ಜನ ತುಂಬಿದ್ದರು. ಬೈರಯ್ಯ ಓದುವಾಗ ಬಾರದವರೆಲ್ಲ ಅವರು ಹೋದರೆಂದ ಕೂಡಲೆ ಬಂದಿದ್ದರು. ಬಂದೋಬಸ್ತಿಗೆ ಹೆಡ್‌ಕಾನ್‌ಸ್ಟೆಬಲ್ ದೇವಯ್ಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದರು.

ಕೃಷ್ಣಪ್ಪ ಎದ್ದು, ಬೈರಯ್ಯನವರ ದನಿ ತಮ್ಮ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ ಎಂದರು. ಒಬ್ಬ ನಿರ್ದೇಶಕರು ಅವರ ವೀಣಾವಾದನವನ್ನು ಮರೆಯಲಾಗದು ಎಂದರು. ಬೈರಯ್ಯ ವೀಣೆಯನ್ನು ಮುಟ್ಟಿದವರಲ್ಲ. ಯಾರೂ ತಿದ್ದಲಿಲ್ಲ, ತಿದ್ದಲು ತಿಳಿದಿರಬೇಕಲ್ಲ. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಸಂಘದ ಇತಿಹಾಸದಲ್ಲಿ ಅದು ಅತಿ ದೀರ್ಘವಾದ ಮೌನ.

ಆಮೇಲೆ ಕಾಂತರಾಜು ಮೈಕಿನ ಮುಂದೆ ಬಂದರು. ಕಣ್ಣಲ್ಲಿ ನೀರಿತ್ತು.

“ಬೈರಯ್ಯನವರು ಹೋಗೋದಕ್ಕೆ ಬೇರೆ ಯಾರೂ ಕಾರಣರಲ್ಲ. ನಾನೇ. ಹಬ್ಬ ಅಲ್ವಾ, ಕ್ಲೀನಾಗಿ ಮುಗಿಸೋಣ ಅಂತ ಕೈ ಹಾಕ್ದೆ. ಒಂದೇ ಏಟು. ಉಸಿರೆತ್ತೋದ್ರೊಳಗೆ ಎಲ್ಲ ಮುಗ್ದೋಯ್ತು.”

ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಸರಿದರು.

“ಯಾರಿಗೂ ಗೊತ್ತಾಗ್ಬಾರ್ದು ಅಂತ ಇದ್ದೆ. ಪರಮಶಿವಯ್ಯನವರು ಬಂದು ದಾರಿ ತೋರಿಸಿದ್ರು. ಇಬ್ರೂ ಸೇರಿ ರಾಗಿ ಡ್ರಮ್ಮಲ್ಲಿ ಹೂತಿಟ್ಟಿದೀವಿ.”

ಪರಮಶಿವಯ್ಯ ಎದ್ದು ನಿಂತು, “ನಾನು ಅಕ್ಕಿ ಅಂದಿದ್ದು, ರಾಗಿ ಇವನೇ” ಎಂದು ತಮ್ಮ ಪಾಲಿನ ಅಪರಾಧವನ್ನು ಕಡಿಮೆ ಮಾಡಿಕೊಳ್ಳಲು ನೋಡಿದರು. ದೇವಯ್ಯ ಟೋಪಿ ಹಾಕಿಕೊಂಡು ಬಾಗಿಲು ಮುಚ್ಚಿದರು.

“ಯಾರೂ ಅಲ್ಲಾಡಂಗಿಲ್ಲ. ಬಾಡಿ ಈಗ ಎಲ್ಲೈತೆ?”

“ಮನೇಲೇ ಇದೆ ಸಾ. ಕುಂಕುಮ ಇಟ್ಟಿದೀನಿ.”

ಆಗ ಕೊನೆಯ ಸಾಲಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕರೊಬ್ಬರು ಎದ್ದರು. ಹಾಸನದ ದಂತವೈದ್ಯರ ಬಳಿ ಹೋಗಿ ಹಿಂದಕ್ಕೆ ಬರುವಾಗ, ಯಾರೋ ಹಿರಿಯರು ಹೋದರೆಂದು ತಿಳಿದು ಬಸ್ಸಿಳಿದು ಕೈಮುಗಿಯಲು ಬಂದವರು. ಎರಡು ನಿಮಿಷದ ಮೌನವನ್ನೂ ಎಲ್ಲರಿಗಿಂತ ಭಕ್ತಿಯಿಂದ ಆಚರಿಸಿದ್ದರು.

“ತಪ್ಪು ತಿಳೀಬ್ಯಾಡಿ ಸಾ. ಸತ್ತೋರ ಎಸ್ರೂ ಬೈರಯ್ಯನೇಯಾ? ಯಾವೂರೋರು?”

ಕೇಳಿದವರು ಬೈರಯ್ಯನವರೇ. ಕೃಷ್ಣಪ್ಪ ಮೊದಲು ಸುಧಾರಿಸಿಕೊಂಡು, “ಫ್ಲೆಕ್ಸ್ ಆಗೋಗಿದೆಯಲ್ಲಯ್ಯ” ಅಂದರು. ದೇವಯ್ಯ ಎಲ್ಲವನ್ನೂ ಬಿಡಿಸಿ ಕೇಳಿ ತಿಳಿದುಕೊಳ್ಳಲು ಇಪ್ಪತ್ತು ನಿಮಿಷ ಬೇಕಾಯಿತು. ತಿಳಿದ ಮೇಲೆ ಟೋಪಿ ತೆಗೆದು, ಇದಕ್ಕೆ ಯಾವ ಸೆಕ್ಷನ್ನೂ ಇಲ್ಲ ಎಂದು ಬೇಸರಪಟ್ಟು ಹೊರಟುಹೋದರು.

ಬೈರಯ್ಯನವರಿಗೆ ತಾವು ಸತ್ತಿಲ್ಲವೆಂದು ಸಮಾಧಾನವಾಗಲಿಲ್ಲ. “ಅಂಗಾರೆ ಮೂವತ್ತೊಂದು ದಿನದ್ದೂ ಓಯ್ತಾ ಸಾ?” ಎಂದು ಕೇಳಿ ಕುರ್ಚಿಯ ಮೇಲೆ ಕೂತುಬಿಟ್ಟರು.

“ಹೋದ್ರೆ ಹೋಗ್ಲಿ ಬಿಡು,” ಕೃಷ್ಣಪ್ಪ ಅಂದರು. “ನೀನು ಗುಂಡಕಲ್ಲಂಗಿದೀಯಲ್ಲ. ನಾಳೆಯಿಂದ ಇನ್ನೊಂದ್ಸಲ ಓದು.”

ಬೈರಯ್ಯ ಬಾಯಿ ತೆರೆದು ತೋರಿಸಿದರು. ಮುಂದಿನ ಹಲ್ಲುಗಳು ಒಂದೂ ಇರಲಿಲ್ಲ. ಆಷಾಢದಲ್ಲಿ ಹಲ್ಲು ಹುಳುಕಾಗಿ ಹನ್ನೊಂದನ್ನು ಕೀಳಿಸಿದ್ದರು. “ಈ ಬಾಯಾಗೆ ಗಾಳಿ ಬತ್ತದೆ ಸಾ, ಪದ ಬರಾಕಿಲ್ಲ. ಕಟ್ಟಿಸ್ಕೊಂಡ್ರೂ ಅದು ಡಾಕ್ಟ್ರ ಅಲ್ಲು. ನಮ್ತಾತನ ಪದ ಅದ್ರಲ್ಲಿ ನಿಲ್ಲಾಕಿಲ್ಲ.”

ಸಂಘದಲ್ಲಿ ಇನ್ನೊಂದು ಪ್ರತಿ ಇತ್ತೇ ಎಂಬ ಪ್ರಶ್ನೆ ಬಂತು. ಇತ್ತು. ಅಧ್ಯಕ್ಷರಿಗೆ ಕೇಳಲೆಂದು ಕಾಂತರಾಜು ಜೂನ್ ತಿಂಗಳಲ್ಲೇ ಒಂದು ಪೆನ್‌ಡ್ರೈವ್ ಕೊಟ್ಟಿದ್ದರು. ಕೃಷ್ಣಪ್ಪ ಅದನ್ನು ಅಳಿಸಿ ಕಾರಿಗೆ ಸಿನಿಮಾ ಹಾಡು ತುಂಬಿಸಿಕೊಂಡಿದ್ದರು. ಕಿವಿಯಲ್ಲಿ ಗುಂಯ್‌ಗುಡುತ್ತಿದ್ದದ್ದು ಅದೇ ಇರಬೇಕು.

ಹಾಗಾಗಿ ಕಾಂತರಾಜು ಪೆಟ್ಟಿಗೆಯನ್ನು ರಾಗಿಯಿಂದ ಅಗೆದು ತೆಗೆದು, ಮಡಿಲಲ್ಲಿ ಇಟ್ಟುಕೊಂಡು ಹಾಸನದ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅಳಿಸಿಹೋದದ್ದನ್ನು ತೆಗೆದುಕೊಡುವ ಒಂದು ಅಂಗಡಿ ಮಹಡಿಯ ಮೇಲಿದೆ. ಅಲ್ಲಿ ಕೂತಿದ್ದವರು ಮೂವತ್ತರ ಒಳಗಿನ ಹೆಣ್ಣುಮಗಳು. ಮೇಜಿನ ಮೇಲೆ ಹೆಸರಿನ ಹಲಗೆ. ಅವರು ಪೆಟ್ಟಿಗೆಯ ಮುಚ್ಚಳ ಬಿಚ್ಚಿದಾಗ ಮುಕ್ಕಾಲು ಸೇರು ರಾಗಿ ಮೇಜಿನ ಮೇಲೆ ಸುರಿಯಿತು.

“ಇದೇನ್ ಸಾರ್?”

“ಒಣಗ್ಲಿ ಅಂತಮ್ಮ.” ಕಾಂತರಾಜು ಮಾತು ತಿರುಗಿಸಲು ಹಲಗೆಯನ್ನು ಓದಿದರು. “ಸಂಘಮಿತ್ರಾ. ನೋಡಮ್ಮ, ಎಂಥ ಶುಭ ಶಕುನ. ನಾನೂ ಸಂಘದೋನೇ. ನಿಮ್ಮಪ್ಪ ಸಂಘಕ್ಕೆ ಮಿತ್ರೆ ಆಗ್ಲಿ ಅಂತ ಮುಂದಾಲೋಚನೆ ಮಾಡಿ ಇಟ್ಟವ್ರೆ.”

“ಅದು ಬೇರೆ ಸಂಘ ಸಾರ್.”

“ಹಾಲು ಉತ್ಪಾದಕರದಾ?”

“ಅದಕ್ಕಿಂತ ಹಳೇದು. ಭಿಕ್ಷುಗಳದ್ದು.”

“ಯಾವ ಕಡೆಯೋರಮ್ಮ ನೀವು?”

“ಅರಕಲಗೂಡು.”

“ಅದು ಸರಿ. ಯಾವ ಪೈಕಿ ಅಂತ ಕೇಳ್ದೆ.”

“ರಿಪೇರಿ ಪೈಕಿ ಸಾರ್,” ಎಂದ ಸಂಘಮಿತ್ರಾ ಬ್ರಷ್ಷಿನಿಂದ ರಾಗಿಯನ್ನು ಒಟ್ಟುಗೂಡಿಸಿ ಪೊಟ್ಟಣ ಕಟ್ಟಿಕೊಟ್ಟರು. ಆಮೇಲೆ ನಿಧಾನವಾಗಿ ವಿವರಿಸಿದರು. ಫಾರ್ಮ್ಯಾಟ್ ಮಾಡಿದರೆ ಒಳಗಿನ ಮನೆಗಳು ಬಿದ್ದುಹೋಗುವುದಿಲ್ಲ, ಬಾಗಿಲ ಮೇಲಿನ ನಂಬರು ಅಳಿಸಿಹೋಗುತ್ತದೆ. ಆ ಜಾಗದಲ್ಲಿ ಬೇರೆ ಏನನ್ನೂ ಕಟ್ಟದೆ ಇದ್ದರೆ ಹುಡುಕಿ ತೆಗೆಯಬಹುದು.

“ಆಮೇಲೆ ಇದ್ರಲ್ಲಿ ಏನಾದ್ರೂ ಹಾಕಿದ್ರಾ?”

“ಬೂದುಗುಂಬಳ ಒಡ್ದೆ, ಅಷ್ಟೇ.”

ಐದನೆಯ ದಿನ ಫೋನು ಬಂತು. ಎಲ್ಲವೂ ಸಿಕ್ಕಿತ್ತು. ಕಾಂತರಾಜು ಹಾರುತ್ತ ಹೋದರು, ಕೃಷ್ಣಪ್ಪನವರನ್ನೂ ಕಾರಿನ ಸಮೇತ ಕರೆದುಕೊಂಡು ಹೋದರು. ಪರದೆಯ ಮೇಲೆ ಮುನ್ನೂರಕ್ಕೂ ಹೆಚ್ಚು ತುಣುಕುಗಳು ಸಾಲಾಗಿದ್ದವು. ಒಂದಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಹಿಂದಿನದು ಯಾವುದು, ಮುಂದಿನದು ಯಾವುದು ಎಂಬುದನ್ನು ಕಾವ್ಯ ಕೇಳಿದವರೇ ಹೇಳಬೇಕು ಎಂದರು ಸಂಘಮಿತ್ರಾ.

ಸಂಘ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿತು. ರಥಗಳು ಮುರಿದು, ಆನೆಗಳು ಉರುಳುವ ಭಾಗವನ್ನು ಕೇಳಿ ಕೃಷ್ಣಪ್ಪ ಕಣ್ಣುಮುಚ್ಚಿ, “ಇದು ಮದುವೆ” ಅಂದರು. ಕಾಂತರಾಜು ಅದು ಮದುವೆಯಲ್ಲ, ಸೀಮಂತ ಎಂದು ವಾದಿಸಿದರು. ಸಂಘಮಿತ್ರಾ ಅದೇ ತುಣುಕನ್ನು ಇನ್ನೊಮ್ಮೆ ಹಾಕಿದರು. ಈ ಸಲ ಇಬ್ಬರೂ ಒಮ್ಮತದಿಂದ ವನವಿಹಾರ ಎಂದು ತೀರ್ಪು ಕೊಟ್ಟರು.

“ಓದಿದೋರು ಇದಾರಾ ಸಾರ್?”

“ಇದಾನೆ,” ಕೃಷ್ಣಪ್ಪ ಅಂದರು. ಸ್ವಲ್ಪ ಬೇಸರದಲ್ಲೇ ಅಂದರು.

“ಅವ್ರನ್ನ ಕಳ್ಸಿ. ಒಂದೊಂದೂ ಪೂರ್ತಿ ಕೇಳಿ ಅವ್ರೇ ಹೇಳ್ಲಿ. ನಾನು ಹೆಸರು ಹಾಕ್ತೀನಿ.”

ರಾಜ್ಯೋತ್ಸವಕ್ಕೆ ಇನ್ನು ಒಂಬತ್ತು ದಿನ. ಆಹ್ವಾನ ಪತ್ರಿಕೆ ಅಚ್ಚಾಗಿತ್ತು, ಕಾವ್ಯರಕ್ಷಕರ ಶಾಲೂ ಬಂದಿತ್ತು. ಬೈರಯ್ಯನವರು ಸೋಮವಾರ ಹನ್ನೊಂದರ ಬಸ್ಸಿಗೆ ಹಾಸನಕ್ಕೆ ಬರುವುದೆಂದು ನಿಶ್ಚಯವಾಯಿತು. ಕಾಂತರಾಜು ಅರ್ಧ ಗಂಟೆ ಮುಂಚೆಯೇ ಅಂಗಡಿಗೆ ಬಂದು, ಮುದುಕರಿಗೆ ಕಿವಿ ಮಂದವಿದ್ದರೆ ಎಂದು ದನಿ ಎಷ್ಟು ದೊಡ್ಡದು ಬರುತ್ತದೆ, ಒಂದನ್ನು ಹಾಕಿ ತೋರಿಸಿ ಎಂದು ಕೇಳಿದರು. ಸಂಘಮಿತ್ರಾ ಒಂದು ಅಂಕಿಯನ್ನು ಒತ್ತಿದರು.

ಪದ್ಯ ಬರಲಿಲ್ಲ. ಕುರ್ಚಿ ಎಳೆದ ಸದ್ದು, ದೂರದಲ್ಲಿ ನಲ್ಲಿಯ ನೀರು. ಆಮೇಲೆ ಕೃಷ್ಣಪ್ಪನವರ ದನಿ ಅಂಗಡಿ ತುಂಬ ಸ್ಪಷ್ಟವಾಗಿ ಕೇಳಿತು:

“ಆಚೆ ಹೋದ್ನಾ? ಅವನಿಗೆ ಕಾಪಿ ಪೇಪರ್ ಲೋಟದಲ್ಲಿ ತಾನೆ ಕೊಟ್ಟಿದ್ದು?”

“ಅದಕ್ಕೇ ಸಾ ಒಂದು ಕಟ್ಟು ತಂದಿಟ್ಟಿರೋದು,” ಇದು ಕಾಂತರಾಜುವಿನದೇ ದನಿ. “ದಿನಾ ಅವನು ಹೋದ್ಮೇಲೆ ಕುರ್ಚೀನೂ ತೊಳಿಸ್ತೀನಿ.”

“ಇನ್ವಿಟೇಸನ್‌ನಲ್ಲಿ ಅವನ ಫೋಟೋ ಗೀಟೋ ಹಾಕಿಬಿಟ್ಟೀಯ. ನೆಂಟರಿಷ್ಟರು ನೋಡ್ತಾರೆ. ದನಿ ಸಾಕು.”

“ದನೀಗೇನು ಸಾ, ಕೇಳಿ ಕಿವಿ ತೊಳ್ಕಂಡ್ರಾಯ್ತು.”

ಇಬ್ಬರೂ ನಕ್ಕರು. ನಗು ಮುಗಿಯುವ ಮುಂಚೆಯೇ ಬಾಗಿಲ ಸದ್ದಾಯಿತು. “ಬನ್ನಿ ಬೈರಯ್ಯನವರೇ, ಶುರು ಮಾಡೋಣ್ವಾ” ಎಂಬ ಕಾಂತರಾಜುವಿನ ದನಿ ಜೇನಿನಲ್ಲಿ ಅದ್ದಿದಂತಿತ್ತು. ಅದರ ಹಿಂದೆಯೇ ಆ ಮುದುಕರ ದನಿ ಎದ್ದಿತು, ಹಲ್ಲಿದ್ದ ಕಾಲದ್ದು, ತುಂಬಿ ಹರಿಯುವಂಥದ್ದು.

ಧ್ವನಿಮುದ್ರಣವನ್ನು ಶುರು ಮಾಡುವುದು ಕಂಪ್ಯೂಟರ್ ಕಾಂತರಾಜುವಿಗೆ ಗೊತ್ತಿತ್ತು. ನಡುವೆ ನಿಲ್ಲಿಸುವುದು ಗೊತ್ತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುವಾಗದೆ ಹೋದೀತೆಂಬ ಭಯದಲ್ಲಿ ಮೂವತ್ತೊಂದು ದಿನವೂ ಬೆಳಿಗ್ಗೆ ಹಚ್ಚಿದ್ದನ್ನು ಸಂಜೆಯೇ ಆರಿಸಿದ್ದರು.

“ಇಂಥವು ಎಷ್ಟಿವೆ?” ಕಾಂತರಾಜು ಬಾಗಿಲ ಕಡೆ ನೋಡುತ್ತ ಕೇಳಿದರು.

“ನಾನು ಕೇಳಿದ್ದು ನಲವತ್ತೆಂಟು.”

“ಎಲ್ಲಾನೂ ಕೇಳ್ದ್ಯಾ?”

“ಕೇಳ್ದೆ ಇದ್ರೆ ಫೈಲ್ ಸರಿಯಾಗಿದೆಯಾ ಇಲ್ವಾ ಅಂತ ಹೆಂಗ್ ಗೊತ್ತಾಗುತ್ತೆ ಸಾರ್?”

ಕಾಂತರಾಜು ಕಿಟಕಿಗೆ ಹೋಗಿ ನೋಡಿದರು. ಬೀದಿಯ ಆ ಬದಿಯಲ್ಲಿ ಬೈರಯ್ಯನವರು ಬಿಳಿ ಪಂಚೆ ಎತ್ತಿ ಹಿಡಿದು, ಬಸ್ಸುಗಳಿಗೆ ದಾರಿ ಬಿಟ್ಟು ನಿಂತಿದ್ದರು. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ತಮ್ಮ ದನಿಯನ್ನು ಮೊದಲ ಸಲ ಕೇಳಿಸಿಕೊಳ್ಳಲು ಬಂದಿದ್ದರು.

“ನೋಡು ತಾಯಿ,” ಕಾಂತರಾಜು ಮೇಜಿನ ಬಳಿಗೆ ಓಡಿಬಂದರು. “ಆ ನಲವತ್ತೆಂಟನ್ನ ತೆಗ್ದಾಕ್ಬುಡು. ಕಾವ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಮನೇಲಿ ಆಡೋ ಮಾತು ಅವು, ಎಲ್ಲರ ಮನೇಲೂ ಆಡ್ತಾರೆ.”

“ಗೊತ್ತು ಸಾರ್.”

“ಗೊತ್ತಲ್ಲ, ಮತ್ತೆ? ಅವರು ಹಿರಿಯರು, ಮನಸ್ಸಿಗೆ ನೋವಾಗಬಾರದು. ಅವರಿಗೋಸ್ಕರ ಕೇಳ್ತಿದೀನಿ. ಡಬಲ್ ಚಾರ್ಜ್ ತಗೊ. ನೀನು ನಮ್ಮನೆ ಮಗಳಿದ್ದಂಗೆ.”

ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ನಡುವೆ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಏರಿತು.

“ಬೇಗ ಅಮ್ಮ. ಬಂದ್ಬುಟ್ರು.”

ಸಂಘಮಿತ್ರಾ ಎದ್ದು, ತಾವು ಕೂತಿದ್ದ ಮೆತ್ತನೆ ಕುರ್ಚಿಯನ್ನು ಪರದೆಯ ಎದುರಿಗೆ ಎಳೆದು ಹಾಕಿ, ಒಳಗೆ ಬಂದ ಬೈರಯ್ಯನವರಿಗೆ ಕೂರಲು ಹೇಳಿದರು. ಹೆಡ್‌ಫೋನನ್ನು ಅವರ ತಲೆಗೆ ಸರಿಯಾಗುವಂತೆ ಹಿಗ್ಗಿಸಿದರು. ಆಮೇಲೆ ಕಾಂತರಾಜುವಿನ ಕಡೆ ತಿರುಗಿದರು.

“ಆಗಲ್ಲ ಸಾರ್. ಒಂದನ್ನೂ ಅಳ್ಸಲ್ಲ.”